ಇಪ್ಪತ್ತೆಂಟು ನಿಮಿಷ ನಲವತ್ತೆಂಟು ಸೆಕೆಂಡು

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ಮೋಸ ಮಾಡಿದವನು ನಾನು. ಗಡಿಯಾರ ಇದ್ದದ್ದು ನನ್ನ ಕೈಯಲ್ಲಿ, ಅದನ್ನು ಒತ್ತಿದ್ದು ನನ್ನ ಹೆಬ್ಬೆರಳು, ಒತ್ತಬಾರದ ಕ್ಷಣದಲ್ಲಿ ಒತ್ತು ಎಂದ ಬುದ್ಧಿಯೂ ನನ್ನದೇ. ಒಬ್ಬ ಮಾಸ್ತರರ ಅನ್ನ ಕೀಳಲು ಒಂದು ಹೆಬ್ಬೆರಳು ಸಾಕು ಎಂದು ಒಂಬತ್ತನೆಯ ತರಗತಿಯಲ್ಲೇ ಕಂಡುಹಿಡಿದೆ. ವಿಜ್ಞಾನ ವಿಷಯದಲ್ಲಿ ನಾನು ಮಾಡಿದ ಒಂದೇ ಒಂದು ಸಂಶೋಧನೆ ಅದು.

ಊರಿನ ಹೆಸರು ಹೇಳುವುದಿಲ್ಲ. ಸಿಂದಗಿ ತಾಲೂಕು ಎಂದರೆ ಸಾಕು. ಹೆಸರು ಹೇಳಿದರೆ ನನಗೆ ಹೆಣ್ಣು ಸಿಗುವುದಿಲ್ಲ. ಹೇಳದಿದ್ದರೂ ಸಿಗುವ ಲಕ್ಷಣವಿಲ್ಲ, ಅದು ಬೇರೆ ಮಾತು.

ಈಗ ನಾನು ಗಂಟಲು ಮಾರಿ ಬದುಕುತ್ತೇನೆ. ಇಂಡಿಯಲ್ಲಿ ಮದುವೆ, ಮುದ್ದೇಬಿಹಾಳದಲ್ಲಿ ಕಾಲೇಜಿನ ವಾರ್ಷಿಕ ಗ್ಯಾದರಿಂಗ್, ಎಲ್ಲಿ ಮೈಕು ಇದೆಯೋ ಅಲ್ಲಿ ನಾನು. ಬಸ್ಸಿನ ಕಂಡಕ್ಟರ್, ಮತ ಕೇಳಲು ಬಂದ ಪುಢಾರಿ, ಹೊಸದಾಗಿ ಅತ್ತೆಯಾದವಳು, ನೀರು ಬತ್ತಿದ ಬೋರಿನ ಮೋಟರು, ಯಾರ ದನಿ ಬೇಕೋ ಕೇಳಿ, ತೆಗೆಯುತ್ತೇನೆ. “ನಿಂದು ಸ್ವಂತ ದನಿ ಯಾವುದಲೇ ಮುತ್ತು?” ಎಂದು ಅವ್ವ ಆಗಾಗ ಕೇಳುತ್ತಾಳೆ. ಅದಕ್ಕೆ ಇನ್ನೂ ಯಾರೂ ಆರ್ಡರ್ ಕೊಟ್ಟಿಲ್ಲ.

ಈ ಸಲ ಎಳ್ಳಮಾಸಿ ಹಬ್ಬ ಮುಗಿದ ವಾರ ಬಸವನ ಬಾಗೇವಾಡಿಯ ಒಂದು ಟ್ಯೂಶನ್ ಕ್ಲಾಸಿನವರು ತಮ್ಮ ಗ್ಯಾದರಿಂಗಿಗೆ ಕರೆದಿದ್ದರು. ಹೊತ್ತಿಗೆ ಮುಂಚೆಯೇ ಹೋದೆ. ಓಣಿಯಲ್ಲಿ ಯಾರೋ ತಾಡಪತ್ರಿ ಹಾಸಿ ತೊಗರಿ ಒಣಹಾಕಿದ್ದರು. ಪಕ್ಕದಲ್ಲಿ ಒಂದು ಕ್ರೂಸರ್ ಗಾಡಿ ಇಂಜಿನ್ ಬಂದ್ ಮಾಡದೆ ನಿಂತು ಹೊಗೆ ಬಿಡುತ್ತಿತ್ತು. ತೊಗರಿಯ ಧೂಳು, ಡೀಸೆಲ್ಲಿನ ಹೊಗೆ ಎರಡೂ ಕೂಡಿ ಮೂಗಿಗೆ ಬಡಿದವು. ಅಷ್ಟರಲ್ಲಿ ಕಿಟಕಿಯ ಒಳಗಿಂದ ದನಿ ಬಂತು.

“ಜವ... ಅಂದರ... ಒಂದು ವಸ್ತು... ಏಕಮಾನ ಕಾಲದಾಗ... ಚಲಿಸಿದ... ದೂರ.”

ಎರಡೆರಡು ಪದಗಳ ನಡುವೆ ಒಂದು ಎಮ್ಮೆ ಆರಾಮವಾಗಿ ರಸ್ತೆ ದಾಟುವಷ್ಟು ಜಾಗ. ಆ ದನಿ ಇಡೀ ಜಿಲ್ಲೆಯಲ್ಲಿ ಇಬ್ಬರ ಬಳಿ ಮಾತ್ರ ಇದೆ. ಒಬ್ಬರು ಸಂಗಮೇಶ ಸರ್. ಇನ್ನೊಬ್ಬ ನಾನು.

ಸಂಗಮೇಶ ಸರ್ ನಮ್ಮ ಊರಿನ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದದ್ದು ಏಳು ವರ್ಷದ ಹಿಂದೆ, ಮುಂಗಾರಿನ ಮಿರಗದ ಮಳೆ ಹಿಡಿದ ವಾರ. ಅತಿಥಿ ಶಿಕ್ಷಕರು. ಅತಿಥಿ ಎಂದರೆ ಜೂನಿನಲ್ಲಿ ಕರೆದು ಬೇಸಿಗೆಗೆ ಕಳಿಸುವ ಅತಿಥಿ. ಮುಂದಿನ ಜೂನಿಗೆ ಮತ್ತೆ ಕರೆಯಬೇಕೋ ಬೇಡವೋ ಎನ್ನುವುದು ಹೆಡ್ ಮಾಸ್ತರರ ಮತ್ತು ಶಾಲಾ ಸಮಿತಿ ಅಧ್ಯಕ್ಷರ ನಾಲಿಗೆಯ ಮೇಲಿರುತ್ತದೆ. ಸರ್ ನಿಡಗುಂದಿ ಕಡೆಯವರು. ಮೂರು ವರ್ಷದಲ್ಲಿ ಮೂರು ಊರು ಕಂಡು ದಣಿದಿದ್ದರು. ನಮ್ಮ ಊರಲ್ಲಿ ಬೇರು ಬಿಡಬೇಕೆಂದು ಹಿಟ್ಟಿನ ಗಿರಣಿಯ ಹಿಂದೆ ಎರಡು ಖೋಲಿ ಹಿಡಿದು ಹೆಂಡತಿಯನ್ನೂ ಕರೆತಂದರು. ಆ ಸುನಂದಾ ಅಕ್ಕ ಬಂದ ವಾರವೇ ಅಂಗಳದಲ್ಲಿ ನುಗ್ಗೆಯ ಟೊಂಗೆ ಹುಗಿದರು. ಒಂದೇ ವರ್ಷಕ್ಕೆ ಬಂದವರು ಕೊತ್ತಂಬರಿ ಹಾಕುತ್ತಾರೆ, ನುಗ್ಗೆ ಹುಗಿಯುವುದಿಲ್ಲ.

ನಾವು ಅವರಿಗೆ ಮೂರನೆಯ ದಿನವೇ ‘ಪ್ಯಾಸೆಂಜರ್’ ಎಂದು ಹೆಸರಿಟ್ಟೆವು. ಇಂಡಿ ರೋಡ್ ಸ್ಟೇಶನ್ನಿನಲ್ಲಿ ಪ್ಯಾಸೆಂಜರ್ ರೈಲು ನಿಂತಂತೆ ಅವರು ಪದಪದಕ್ಕೂ ನಿಲ್ಲುತ್ತಿದ್ದರು. ನಾನು ಮೊಬೈಲು ಹಿಡಿದು ಅಳೆದೆ: ನಿಮಿಷಕ್ಕೆ ಮೂವತ್ತೊಂದು ಪದ. ನಮ್ಮ ಅವ್ವ ಬೈಯುವಾಗ ನಿಮಿಷಕ್ಕೆ ಇನ್ನೂರರ ಮೇಲೆ. “ಸರ್ ಜವ, ಮುತ್ತುನ ಅವ್ವನ ಜವ, ಎರಡರ ವ್ಯತ್ಯಾಸ ಕಂಡುಹಿಡೀರಿ” ಎಂದು ಹಿಂದಿನ ಬೆಂಚಿನಲ್ಲಿ ಲೆಕ್ಕ ಹಾಕಿಸಿದೆ. ನನ್ನ ಜೀವನದಲ್ಲಿ ನಾನು ಪ್ರೀತಿಯಿಂದ ಮಾಡಿದ ಮೊದಲ ಲೆಕ್ಕ ಅದು.

ಆದರೆ ಮನುಷ್ಯ ಕಲಿಸುತ್ತಿದ್ದ. ಪುಸ್ತಕ ಮುಚ್ಚಿ ನಮ್ಮನ್ನು ಬಯಲಿಗೆ ಕರೆದುಕೊಂಡು ಹೋಗಿ, ಸುಣ್ಣದ ಪುಡಿಯಿಂದ ನೂರು ಮೀಟರ್ ಗೆರೆ ಎಳೆದು, ಒಬ್ಬೊಬ್ಬರನ್ನೇ ಓಡಿಸಿ, ನಮ್ಮ ನಮ್ಮ ಜವವನ್ನು ನಮ್ಮಿಂದಲೇ ತೆಗೆಸಿದರು. ನನಗೆ ಇಪ್ಪತ್ತು ಸೆಕೆಂಡು ಹಿಡಿಯಿತು. ಸೆಕೆಂಡಿಗೆ ಐದು ಮೀಟರ್, ಎಂದರೆ ಗಂಟೆಗೆ ಹದಿನೆಂಟು ಕಿಲೋಮೀಟರ್. ಗೆರೆಯ ಪಕ್ಕ ಮೇಯುತ್ತಿದ್ದ ಆಡೊಂದು ಗಾಬರಿಯಾಗಿ ನನ್ನ ಜೊತೆಗೇ ಓಡಿ ನನಗಿಂತ ಮೊದಲು ಮುಟ್ಟಿತು. ಅದರ ಜವವನ್ನೂ ಸರ್ ಹಲಗೆಯ ಮೇಲೆ ಬರೆದರು, ನನ್ನ ಹೆಸರಿನ ಮೇಲೆಯೇ.

ಒಮ್ಮೆ ಲೆಕ್ಕದ ಉತ್ತರ ಎರಡು ಪಾಯಿಂಟ್ ಎಂಟು ನಿಮಿಷ ಎಂದು ಬಂತು. ಎಂದರೆ ಎಷ್ಟು ಎಂದು ಸರ್ ಕೇಳಿದರು. ತರಗತಿಗೆ ತರಗತಿಯೇ ಕೂಗಿತು: “ಎರಡು ನಿಮಿಷ ಎಂಟು ಸೆಕೆಂಡ್!”

“ಅಲ್ಲ... ನಿಮಿಷಕ್ಕ ಸೆಕೆಂಡು ಅರವತ್ತು... ನೂರಲ್ಲ, ಹತ್ತಲ್ಲ... ಪಾಯಿಂಟ್ ಎಂಟು ಅಂದರ... ಅರವತ್ತರಾಗ... ಹತ್ತರಾಗಿನ ಎಂಟು ಪಾಲು... ನಲವತ್ತೆಂಟು.”

ಇದನ್ನು ಅವರು ಮೂರು ಸಲ ಹೇಳಿದರು. ಮೂರೂ ಸಲ ನಿಂತು ನಿಂತು ಹೇಳಿದರು. ಆ ಸಂಜೆ ಊರಿನ ಕಟಿಂಗ್ ಅಂಗಡಿಯಲ್ಲಿ ನಾನು ಅದನ್ನು ಮಾಡಿ ತೋರಿಸಿದೆ. ಕಣ್ಣು ಅರ್ಧ ಮುಚ್ಚಿ, ಕತ್ತು ಸ್ವಲ್ಪ ಎಡಕ್ಕೆ ವಾಲಿಸಿ, “ಪಾಯಿಂಟ್... ಎಂಟು... ಅಂದರ...” ಎಂದು ನಿಲ್ಲುವುದು. ಎಷ್ಟು ಹೊತ್ತು ನಿಲ್ಲುವುದೆಂದರೆ, ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡವನು ಕುರ್ಚಿಯಿಂದ ಎದ್ದು, “ಮುಂದ ಹೇಳಲೇ ಮಗನ, ನೊರಿ ಒಣಗಾಕತ್ತೈತಿ!” ಎಂದು ಕಿರುಚುವವರೆಗೆ. ಚಹಾದಂಗಡಿಯಲ್ಲಿ ಮತ್ತೆ ಮಾಡಿಸಿದರು. ಗಿರಣಿಯಲ್ಲಿ ಮಾಡಿಸಿದರು. ಊರಿನ ಯಾವ ಹುಡುಗನಿಗೂ ಆ ಲೆಕ್ಕ ನೆನಪಿರಲಿಲ್ಲ. ನನಗಿತ್ತು. ದನಿ ಕದಿಯುವವನಿಗೆ ಮಾತೂ ಜೊತೆಗೇ ಬರುತ್ತದೆ, ಬೇಡವೆಂದರೂ ಬರುತ್ತದೆ.

ದೀಪಾವಳಿ ಸೂಟಿ ಮುಗಿದ ಮೇಲೆ ಬಂತು ಆ ಪಾಠ. ಸರ್ ಹಲಗೆಯ ಮೇಲೆ ಬರೆದರು: ಒಂದು ಬಸ್ಸು ಸಿಂದಗಿಯಿಂದ ಇಂಡಿಗೆ ಗಂಟೆಗೆ ನಲವತ್ತು ಕಿಲೋಮೀಟರ್ ಜವದಲ್ಲಿ ಹೋಗಿ, ಅದೇ ದಾರಿಯಲ್ಲಿ ಗಂಟೆಗೆ ಅರವತ್ತರಂತೆ ಮರಳಿ ಬರುತ್ತದೆ. ಒಟ್ಟು ಪ್ರಯಾಣದ ಸರಾಸರಿ ಜವ ಎಷ್ಟು?

“ಐವತ್ತು!” ಎಂದೆವು. ಇದಕ್ಕೆ ಹಲಗೆ ಯಾಕೆ ಬೇಕು?

“ಅಲ್ಲ... ನಲವತ್ತೆಂಟು.”

ಮತ್ತೆ ನಲವತ್ತೆಂಟು! ಈ ಮನುಷ್ಯನಿಗೆ ಆ ಅಂಕಿಯ ಮೇಲೆ ಮೋಹವೇ ಇದೆಯೆಂದು ನಾನು ಹಿಂದಿನಿಂದ ಹೇಳಿದೆ. ನಗೆ ಎದ್ದಿತು. ಸರ್ ನಗೆ ತಗ್ಗುವವರೆಗೆ ಕಾದು ವಿವರಿಸಿದರು. ಎರಡು ಜವ ಕೂಡಿಸಿ ಅರ್ಧ ಮಾಡುವುದು ಸರಾಸರಿಯಲ್ಲ. ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಬೇಕು. “ನಿಧಾನ ಹೋಗುವಾಗ... ಹೊತ್ತು ಹೆಚ್ಚು ಹಿಡೀತೈತಿ... ಅಂದರ ನಾವು... ಹೆಚ್ಚು ಹೊತ್ತು... ನಿಧಾನದಾಗನ ಇರ್ತೀವಿ... ಅದಕ್ಕ ಸರಾಸರಿ... ನಿಧಾನದ ಕಡೆ ವಾಲತೈತಿ.”

“ಸರ್, ಇಂಡಿ ಬಸ್ಸು ಅರವತ್ತರಾಗ ಯಾವತ್ತ ಬಂದೈತ್ರಿ? ಲೆಕ್ಕದ ಬುಡಾನ ಸುಳ್ಳೈತಿ ಬಿಡ್ರಿ,” ಎಂದೆ. ಅಲ್ಲಿಗೆ ಪಾಠ ಮುಗಿಯಿತು. ಅವರ ವಾಕ್ಯ ಕೊನೆಯ ನಿಲ್ದಾಣ ಮುಟ್ಟುವುದರೊಳಗೆ ನನ್ನದು ಹೋಗಿ ಬಂದು ಮಲಗಿರುತ್ತಿತ್ತು.

ಡಿಸೆಂಬರಿನ ಪರೀಕ್ಷೆಯಲ್ಲಿ ಸರ್ ಅದೇ ಪ್ರಶ್ನೆ ಕೇಳಿದರು. ಎಲ್ಲರೂ ಐವತ್ತು ಬರೆದೆವು. ಎಲ್ಲರಿಗೂ ಸೊನ್ನೆ. ನನಗೆ ಸೊನ್ನೆ ಹೊಸದಲ್ಲ. ಅದು ನಮ್ಮ ಮನೆತನದ್ದು. ಆದರೆ ಗೊಬ್ಬರದಂಗಡಿ ಶಿವಲಿಂಗಪ್ಪ ಸಾವಕಾರರ ಮಗಳು ಭಾಗ್ಯಶ್ರೀಗೂ ಸೊನ್ನೆ ಬಿತ್ತು, ಮೊದಲ ನಂಬರು ಹೋಯಿತು. ಸಾವಕಾರರು ಶಾಲಾ ಸಮಿತಿಯ ಅಧ್ಯಕ್ಷರು.

ಮರುದಿನ ಪ್ರಾರ್ಥನೆ ಮುಗಿಯುವ ಮೊದಲೇ ಅವರು ಉತ್ತರಪತ್ರಿಕೆ ಹಿಡಿದು ಅಂಗಳಕ್ಕೆ ಬಂದರು. ನಾವೆಲ್ಲ ಸಾಲಿನಲ್ಲಿ ನಿಂತಿದ್ದೆವು; ಸಿನಿಮಾ ನಮ್ಮ ಬಳಿಗೇ ನಡೆದು ಬಂದಿತ್ತು.

“ಅಲ್ರಿ ಮಾಸ್ತರ, ನಾಲ್ಕು ಫ್ಯಾಟಿನ ಹಾಲು, ಆರು ಫ್ಯಾಟಿನ ಹಾಲು ಕೂಡಿಸಿದ್ರ ಎಷ್ಟ್ ಫ್ಯಾಟ್ ಆಕ್ಕೈತ್ರಿ?”

“ಎರಡೂ... ಸಮ ಲೀಟರ್ ಇದ್ದರ...”

“ಐದ ಆಕ್ಕೈತಿ! ಡೈರಿಗೆ ಹಾಲು ಹಾಕೋ ಮುದುಕಿಗೂ ಗೊತ್ತೈತಿ. ನಲವತ್ತು, ಅರವತ್ತು, ಕೂಡಿಸಿದ್ರ ನೂರು, ಅರ್ಧ ಐವತ್ತು. ನಿಮಗ ಯಾರ್ ಕೊಟ್ರಿ ಡಿಗ್ರಿ?”

“ಸಮ ಲೀಟರ್ ಇದ್ದರ... ಅಂದೆ... ಇಲ್ಲೆ ಕಾಲ... ಸಮ...”

ಆ ವಾಕ್ಯ ಪೂರ್ಣವಾಗಿದ್ದರೆ ಅಲ್ಲೇ ಎಲ್ಲ ಮುಗಿಯುತ್ತಿತ್ತು. ಅದರಲ್ಲೇ ಉತ್ತರ ಇತ್ತು: ಹಾಲು ಸಮ ಇದ್ದರೆ ಐದು ಸರಿ, ಇಲ್ಲಿ ಹೊತ್ತು ಸಮ ಇಲ್ಲ. ಆದರೆ ನಾನು ಮೂರನೆಯ ಸಾಲಿನಿಂದ, ಅವರದೇ ದನಿಯಲ್ಲಿ, “ಲೀ... ಟರ್...” ಎಂದೆ. ಮುನ್ನೂರು ಮಕ್ಕಳು ನಕ್ಕರು. ಹೆಡ್ ಮಾಸ್ತರರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು; ಭುಜ ಮಾತ್ರ ಅಲುಗುತ್ತಿತ್ತು.

ವಾರದಲ್ಲಿ ಊರಿಗೆ ಊರೇ ತೀರ್ಪು ಕೊಟ್ಟಿತು. ಚಹಾದಂಗಡಿಯಲ್ಲಿ ಐವತ್ತು, ಗಿರಣಿಯಲ್ಲಿ ಐವತ್ತು, ಪಂಚಾಯತಿ ಕಟ್ಟೆಯಲ್ಲಿ ಐವತ್ತು. ಭೂಮಿ ದುಂಡಗಿದೆ ಎನ್ನುವುದರ ಬಗ್ಗೆಯೂ ನಮ್ಮ ಊರಲ್ಲಿ ಇಷ್ಟು ಒಮ್ಮತ ಇಲ್ಲ. ಪ್ರತಿ ಕಡೆಯೂ ಕೊನೆಗೆ ನನ್ನ ಆಟ ಇರುತ್ತಿತ್ತು. ಎಂಟಾಣೆ ಬುದ್ಧಿಯ ಹುಡುಗನಿಗೆ ಊರು ತುಂಬ ಮರ್ಯಾದೆ. ಅದರ ರುಚಿ ಕಂಡವನಿಗೇ ಗೊತ್ತು.

ಸರ್ ಕೊನೆಗೆ ತಾವೇ ಒಂದು ದಾರಿ ಹೇಳಿದರು: ಮಾತು ಬೇಡ, ಅಳೆದೇಬಿಡೋಣ. ಶಾಲೆಯ ಹತ್ತಿರದ ಕಿಲೋಮೀಟರ್ ಕಲ್ಲಿನಿಂದ ಸಿಂದಗಿ ರಸ್ತೆಯಲ್ಲಿ ಹಳ್ಳದ ಸೇತುವೆಯ ಕಲ್ಲಿನವರೆಗೆ ಸರಿಯಾಗಿ ಹನ್ನೆರಡು ಕಿಲೋಮೀಟರ್. ಹೋಗುವಾಗ ನಲವತ್ತು, ಬರುವಾಗ ಅರವತ್ತು. ಗಾಡಿ ಕಲ್ಲು ದಾಟುವಾಗ ಗಡಿಯಾರ ಶುರು, ಸೇತುವೆಯಲ್ಲಿ ತಿರುಗಿಸಿಕೊಳ್ಳುವಾಗ ಬಂದ್, ಮರಳಿ ಸೇತುವೆಯ ಕಲ್ಲು ದಾಟುವಾಗ ಮತ್ತೆ ಶುರು, ಶಾಲೆಯ ಕಲ್ಲಿಗೆ ಬಂದ್. ಸಾವಕಾರರಿಗೆ ಖುಷಿಯಾಯಿತು.

“ನಲವತ್ತೆಂಟು ಬಂತಂದ್ರ ಮುಂದಿನ ವರ್ಷನೂ ನೀವ ನಮ್ಮ ಸಾಲ್ಯಾಗ, ಅದರ ಮುಂದಿನ ವರ್ಷನೂ ನೀವ. ಐವತ್ತು ಬಂತಂದ್ರ ನೀವ ತಿಳ್ಕೋರಿ, ನಾ ಬಾಯಿ ಬಿಟ್ಟು ಹೇಳೂದು ಬ್ಯಾಡ.”

ಸಂಕ್ರಾಂತಿಗೆ ಮುಂಚಿನ ಭಾನುವಾರ, ಹೊಲಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಸಾವಕಾರರು ಡಂಗುರ ಸಾರಿಸಿ ರಸ್ತೆಯ ಮೇಲೆ ಒಣಹಾಕಿದ್ದ ತೊಗರಿಯನ್ನೆಲ್ಲ ತೆಗೆಸಿದ್ದರು. ಭೌತಶಾಸ್ತ್ರಕ್ಕಾಗಿ ನಮ್ಮ ಊರು ದಾರಿ ಬಿಟ್ಟದ್ದು ಅದೇ ಮೊದಲು, ಅದೇ ಕೊನೆ. ರಜಾಕ್ ಮಾಮಾ ತಮ್ಮ ಕ್ರೂಸರ್ ತೊಳೆದು, ಕನ್ನಡಿಗೆ ನಿಂಬೆಹಣ್ಣು ಕಟ್ಟಿ ತಂದಿದ್ದರು. ಇಪ್ಪತ್ತು ವರ್ಷ ಸಿಂದಗಿಗೆ ಸೀಟು ತುಂಬಿ ಗಾಡಿ ಹೊಡೆದ ಕೈ. ಮುಳ್ಳು ನಲವತ್ತರ ಮೇಲೆ ನಿಲ್ಲಿಸು ಎಂದರೆ ಮೊಳೆ ಹೊಡೆದಂತೆ ನಿಲ್ಲಿಸುವವರು.

ಗಡಿಯಾರ ಯಾರ ಕೈಯಲ್ಲಿ ಎನ್ನುವ ಪ್ರಶ್ನೆ ಬಂತು. ಸರ್ ತಮ್ಮ ಕೈಗಡಿಯಾರ ಬಿಚ್ಚಿ ಕಿಸೆಗೆ ಹಾಕಿಕೊಂಡರು.

“ಮುತ್ತುನ ಕೈಯಾಗ ಇರ್ಲಿ... ಅವ... ನನ್ನ ಎದುರು ಪಾರ್ಟಿ... ಅವ ಹೇಳಿದ್ದಕ್ಕ... ನಾಳೆ ಯಾರೂ... ಅನುಮಾನ ಪಡಂಗಿಲ್ಲ.”

ಅಪ್ಪನ ಮೊಬೈಲಿನಲ್ಲಿ ಸ್ಟಾಪ್‌ವಾಚ್ ತೆಗೆದು ನಾನು ನಡುವಿನ ಸೀಟಿನಲ್ಲಿ ಕೂತೆ. ಪಕ್ಕದಲ್ಲಿ ಸರ್. ಮುಂದೆ ಸಾವಕಾರರು. ಹೆಡ್ ಮಾಸ್ತರರೂ ಉಳಿದ ಊರೂ ಕಲ್ಲಿನ ಹತ್ತಿರವೇ ನಿಂತರು. ಗಾಡಿ ಹಿಂದಿನಿಂದಲೇ ಜವ ಹಿಡಿದು ಬಂದು ಕಲ್ಲು ದಾಟಿತು; ಒತ್ತಿದೆ.

ಸೇತುವೆ ಬಂದಾಗ ಹದಿನೆಂಟು ನಿಮಿಷ, ಮೇಲೆ ನಾಲ್ಕು ಸೆಕೆಂಡು. ಒತ್ತಿ ನಿಲ್ಲಿಸಿದೆ. ರಜಾಕ್ ಮಾಮಾ ಇಳಿದು ಗಾಲಿ ಒದ್ದು ನೋಡುತ್ತಿದ್ದರು. ಸಾವಕಾರರು ಫೋನಿನಲ್ಲಿ ಯಾರಿಗೋ, “ಮುಗೀತ ಬಿಡಪಾ, ಅರ್ಧ ಗೆದ್ದೀವಿ” ಎನ್ನುತ್ತಿದ್ದರು. ನಾನು ಪರದೆ ನೋಡುತ್ತ ಕೂತಿದ್ದೆ. ಹದಿನೆಂಟು. ಬರುವಾಗ ಗಂಟೆಗೆ ಅರವತ್ತು, ನಿಮಿಷಕ್ಕೆ ಒಂದು ಕಿಲೋಮೀಟರ್, ಹನ್ನೆರಡು ನಿಮಿಷ. ಕೂಡಿಸಿದರೆ ಮೂವತ್ತು. ಅರ್ಧ ಗಂಟೆಯಲ್ಲಿ ಇಪ್ಪತ್ನಾಲ್ಕು ಕಿಲೋಮೀಟರ್, ಗಂಟೆಗೆ ನಲವತ್ತೆಂಟು.

ಸರ್ ಹೇಳಿದ್ದು ಖರೆ ಇತ್ತು. ಯಾರ ಜೊತೆಗೂ ವಾದವಿಲ್ಲದೆ, ಕೈಯಲ್ಲಿ ಹಿಡಿದ ಕಲ್ಲಿನಂತೆ ಖರೆ ಇತ್ತು. ಇನ್ನು ಹನ್ನೆರಡು ನಿಮಿಷಕ್ಕೆ ಊರು ಅವರಿಗೆ ಹಾರ ಹಾಕುತ್ತದೆ. ನನ್ನ ಆಟ ಅಲ್ಲಿಗೆ ಸತ್ತುಹೋಗುತ್ತದೆ. ಕಟಿಂಗ್ ಅಂಗಡಿಯಲ್ಲಿ ನಾಳೆಯಿಂದ ನನ್ನನ್ನು ಯಾರು ಕರೆಯುತ್ತಾರೆ?

ಗಾಡಿ ತಿರುಗಿತು. ಸೇತುವೆಯ ಕಲ್ಲು ದಾಟುವಾಗ ಒತ್ತಿದೆ. ಅರವತ್ತರ ಗಾಳಿ ಕಿಟಕಿಯಲ್ಲಿ ಸಿಳ್ಳೆ ಹಾಕುತ್ತಿತ್ತು. ನಾನು ತಲೆಯೊಳಗೆ ಉಲ್ಟಾ ಲೆಕ್ಕ ಹಾಕಿದೆ. ಐವತ್ತು ಬರಬೇಕಾದರೆ ಪರದೆಯ ಮೇಲೆ ಎಷ್ಟಿರಬೇಕು? ಇಪ್ಪತ್ನಾಲ್ಕು ಭಾಗಿಸು ಐವತ್ತು, ಗುಣಿಸು ಅರವತ್ತು. ಇಪ್ಪತ್ತೆಂಟು ಪಾಯಿಂಟ್ ಎಂಟು ನಿಮಿಷ. ಪಾಯಿಂಟ್ ಎಂಟು. ತಲೆಯೊಳಗೆ ಯಾರೋ ನಿಂತು ನಿಂತು ಹೇಳಿದರು: “ಪಾಯಿಂಟ್... ಎಂಟು... ಅಂದರ...” ನಾನು ನಗಿಸಲು ನೂರು ಸಲ ಆಡಿದ ಮಾತು ಮೊದಲ ಬಾರಿ ಕೆಲಸಕ್ಕೆ ಬಂತು.

ಸಾವಕಾರರು ಗಡಿಯಾರದ ಕಡೆ ನೋಡಲಿಲ್ಲ. ಗೆಲ್ಲುವೆನೆಂದು ನಂಬಿದವನು ಗಡಿಯಾರ ನೋಡುವುದಿಲ್ಲ. ಸರ್ ನೋಡಲಿಲ್ಲ, ಗಡಿಯಾರ ನನಗೇ ಬಿಡುತ್ತೇನೆಂದು ಮಾತು ಕೊಟ್ಟಿದ್ದರು. ಮುಖ ಹೊರಗಿಟ್ಟು ಬಿಳಿಜೋಳದ ಹೊಲ ನೋಡುತ್ತಿದ್ದರು, ತುಟಿಯಂಚಿನಲ್ಲಿ ಸಣ್ಣ ನಗೆ. ಶಾಲೆಯ ಕಲ್ಲು ಇನ್ನೂ ಒಂದು ಕಿಲೋಮೀಟರಿಗಿಂತ ಹೆಚ್ಚು ದೂರ ಇತ್ತು. ಇಪ್ಪತ್ತೆಂಟು ನಲವತ್ತಾರು, ನಲವತ್ತೇಳು, ನಲವತ್ತೆಂಟು. ಒತ್ತಿದೆ. ಅಂಗೈಯಿಂದ ಪರದೆ ಮುಚ್ಚಿಕೊಂಡು ಕೂತೆ. ಶಾಲೆಯ ಕಲ್ಲು ದಾಟುವಾಗ, “ಸ್ಟಾಪ್!” ಎಂದು ಗಂಟಲು ಹರಿಯುವಂತೆ ಕೂಗಿದೆ. ನನ್ನ ಮೊದಲ ದೊಡ್ಡ ಪಾತ್ರ ಅದು.

ಹೆಡ್ ಮಾಸ್ತರರು ಮೊಬೈಲು ಇಸಿದುಕೊಂಡು ಊರಿಗೆ ಕೇಳುವಂತೆ ಓದಿದರು. “ಇಪ್ಪತ್ತೆಂಟು ನಲವತ್ತೆಂಟು!” ಕ್ಯಾಲ್ಕುಲೇಟರಿನಲ್ಲಿ ಇಪ್ಪತ್ತೆಂಟು ಪಾಯಿಂಟ್ ನಾಲ್ಕು ಎಂಟು ಎಂದು ಒತ್ತಿದರು. “ಐವತ್ತೂ ಚಿಲ್ಲರ ಬಂತ್ರಿ!” ಜನ ಸಿಳ್ಳೆ ಹೊಡೆದರು.

“ಸರ್... ಹಂಗಲ್ಲ,” ಎಂದರು ಸಂಗಮೇಶ ಸರ್. “ನಲವತ್ತೆಂಟು ಸೆಕೆಂಡು ಅಂದರ... ಪಾಯಿಂಟ್ ಎಂಟು... ಇಪ್ಪತ್ತೆಂಟು ಪಾಯಿಂಟ್ ಎಂಟು ಅಂತ... ಒತ್ರಿ.”

ತಮ್ಮನ್ನೇ ಸೋಲಿಸುತ್ತಿರುವ ಲೆಕ್ಕವನ್ನೂ ಅವರು ತಿದ್ದಿದರು. ಹೆಡ್ ಮಾಸ್ತರರು ಒತ್ತಿದರು. ಐವತ್ತು. ಹಿಂದಿಲ್ಲ, ಮುಂದಿಲ್ಲ, ಬರೀ ಐವತ್ತು.

ಸ್ವಲ್ಪ ಹೊತ್ತು ಸರ್ ಆ ಅಂಕಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬಾಯಿ ತೆರೆದರು.

“ಇಷ್ಟು... ಸರಿಯಾಗಿ...”

ನಾನು ಅವರ ಪಕ್ಕದಲ್ಲೇ ಇದ್ದೆ. ಕಣ್ಣು ಅರ್ಧ ಮುಚ್ಚಿ, ಕತ್ತು ಎಡಕ್ಕೆ ವಾಲಿಸಿ, ಅವರ ವಾಕ್ಯವನ್ನು ಅವರದೇ ದನಿಯಲ್ಲಿ ನಾನು ಮುಗಿಸಿದೆ: “ಐವತ್ತು... ಬಂದಿದ್ದು... ನನ್ನ... ಹಣೀಬಾರಾ!”

ಊರು ಬಿದ್ದು ಬಿದ್ದು ನಕ್ಕಿತು. ಸಾವಕಾರರು ರಜಾಕ್ ಮಾಮಾನ ಹೆಗಲ ಮೇಲೆ ಒರಗಿ ನಕ್ಕರು. ಸರ್ ಕಿಸೆಯಿಂದ ಕೈಗಡಿಯಾರ ತೆಗೆದು ಕಟ್ಟಿಕೊಂಡು, “ಆತು” ಎಂದು ನಡೆದುಹೋದರು. ಆ ಒಂದು ಪದವನ್ನು ಮಾತ್ರ ಅವರು ಬೇಗ ಹೇಳಿದರು.

ಪರೀಕ್ಷೆಗಳು ಮುಗಿದ ಮೇಲೆ ಅವರ ಸಾಮಾನು ಹೇರಿದ್ದೂ ಅದೇ ಕ್ರೂಸರಿನ ಮೇಲೆ. ಪುಕ್ಕಟೆ ಕೂಲಿಗೆಂದು ರಜಾಕ್ ಮಾಮಾ ನನ್ನನ್ನು ಎಳೆದುಕೊಂಡು ಹೋಗಿದ್ದರು. ಸರ್ ಗಿರಣಿಯವರ ಜೊತೆ ಇದ್ದರು. ಸುನಂದಾ ಅಕ್ಕ ಒಳಗೆ ಹಾಸಿಗೆ ಸುತ್ತುತ್ತಿದ್ದವರು ನನ್ನನ್ನು ಕರೆದರು.

“ಮುತ್ತು ಅಂದ್ರ ನೀನ ಏನೋ? ಸರ್ ದನಿ ಭಾಳ ಚಲೋ ತಗೀತೀಯಂತಲ್ಲ. ತಗಿ ನೋಡೋಣು.”

ಬೇಡ ಎನ್ನಬಹುದಿತ್ತು. ಆದರೆ ಕೇಳಿದರೆ ಬೇಡ ಎನ್ನುವ ಚಾಳಿ ನನಗಿಲ್ಲ. ತೆಗೆದೆ. ಪಾಯಿಂಟ್ ಎಂಟು, ಕತ್ತು ಎಡಕ್ಕೆ, ಎಲ್ಲ. ಅಕ್ಕ ಕೈಯಲ್ಲಿನ ಹಗ್ಗ ಹಾಗೇ ಹಿಡಿದು ಪೂರ್ತಿ ಕೇಳಿದರು.

“ಹೌದು, ಹಂಗ ಐತಿ,” ಎಂದರು. “ಇನ್ನಷ್ಟು ಮಾತಾಡು. ಜನವರಿಯಿಂದ ಮನ್ಯಾಗ ಅವ್ರು ಇಷ್ಟೂ ಮಾತಾಡಿಲ್ಲ.”

ನಾನು ಗಾದಿ ಹೊತ್ತುಕೊಂಡು ಹೊರಗೆ ಓಡಿದೆ. ಅಂಗಳದ ನುಗ್ಗೆ ಅಷ್ಟರಲ್ಲಿ ಆಳೆತ್ತರ ಚಿಗುರಿತ್ತು. ಮುಂದಿನ ತಿಂಗಳು ಗಿರಣಿಯವರ ಆಡು ಅದನ್ನು ಬುಡದವರೆಗೆ ತಿಂದುಹಾಕಿತು. ನನಗಿಂತ ಮೊದಲು ಗೆರೆ ಮುಟ್ಟಿದ್ದೂ ಅದೇ ಆಡು ಎಂದು ನನ್ನ ಗುಮಾನಿ.

ಊರಿನವರಿಗೆ ಸತ್ಯ ಹೇಳಿದೆನೇ ಎಂದು ಕೇಳಬೇಡಿ. ಇನ್ನೂ ಕೆಟ್ಟದ್ದು ಹೇಳುತ್ತೇನೆ. ಮುದ್ದೇಬಿಹಾಳದಲ್ಲಿ ಪಿಯುಸಿ ಓದುವಾಗ ಲೆಕ್ಚರರು ಇದೇ ಲೆಕ್ಕ ಕೇಳಿದರು. ತೊಂಬತ್ತು ಹುಡುಗರು ಐವತ್ತು ಎಂದರು. ನಾನೊಬ್ಬನೇ ನಲವತ್ತೆಂಟು ಎಂದೆ. “ಶಾಬಾಸ್! ಯಾರಪಾ ನಿನಗ ಕಲಿಸಿದಾವ್ರು?” ಎಂದು ಅವರು ಕೇಳಿದಾಗ, “ನಾನ ಕಲ್ತೀನ್ರಿ” ಎಂದೆ. ಚಪ್ಪಾಳೆ ಬಿತ್ತು. ತೆಗೆದುಕೊಂಡೆ.

ಹೀಗಿದ್ದ ನಾನು ಬಾಗೇವಾಡಿಯ ಆ ಕಿಟಕಿಯ ಕೆಳಗೆ, ತೊಗರಿ ಧೂಳಿನಲ್ಲಿ, ಪಾಠ ಮುಗಿಯುವವರೆಗೆ ನಿಂತಿದ್ದೆ. ಅದೇ ಬಸ್ಸು ಸಿಂದಗಿಯಿಂದ ಇಂಡಿಗೆ ಹೋಗಿ ಬಂತು. ಒಳಗೆ ಹುಡುಗರು ನಗಲಿಲ್ಲ. ದುಡ್ಡು ಕೊಟ್ಟು ಬಂದವರು ನಗುವುದಿಲ್ಲ. ಗ್ಯಾದರಿಂಗಿನ ಹುಡುಗನೊಬ್ಬ ಬಂದು ಕಿವಿಯಲ್ಲಿ ಹೇಳಿದ: “ಅಣ್ಣಾ, ನಮ್ಮ ಫಿಸಿಕ್ಸ್ ಸರ್ ದನಿ ಒಂದು ತಗೀರಿ, ಭಾಳ ಸ್ಲೋ ಅದಾರ. ಒಂದ್ ಸಲ ಕೇಳ್ರಿ, ಬಂದಬಿಡ್ತೈತಿ.” ಬಂದು ಏಳು ವರ್ಷವಾಯಿತಪ್ಪ ಎಂದು ಹೇಳಲಿಲ್ಲ.

ಸರ್ ಹೊರಗೆ ಬಂದರು. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಕೈಯಲ್ಲಿ ಸೀಮೆಸುಣ್ಣದ ಪುಡಿ. ನನ್ನನ್ನು ಕಂಡದ್ದೇ ಗುರುತು ಹಿಡಿದರು. ಗೋಡೆಯ ಪಕ್ಕದ ನಲ್ಲಿಯಲ್ಲಿ ಕೈ ತೊಳೆಯತೊಡಗಿದರು. ನಾನು ಕಾಲು ಮುಟ್ಟಲು ಬಗ್ಗಿದರೆ ಹಿಂದೆ ಸರಿದರು. ಇಷ್ಟೂ ವರ್ಷ ಕಟ್ಟಿಟ್ಟುಕೊಂಡಿದ್ದನ್ನು ನಾನು ಒಂದೇ ಉಸಿರಿಗೆ ಸುರಿದೆ, ನಿಮಿಷಕ್ಕೆ ಇನ್ನೂರು ಪದದಂತೆ.

“ಸರ್, ಅವತ್ತು ಗಡಿಯಾರ ಮೊದಲ ಒತ್ತಿದ್ದು ನಾನ್ರೀ, ಗಾಡಿ ಇನ್ನೂ ಕಲ್ಲಿಗೆ ಬಂದಿರ್ಲಿಲ್ರಿ, ನಿಮ್ಮ ಲೆಕ್ಕಾನ ಖರೆ ಇತ್ರಿ. ಬೇಕಾದ್ರ ಈಗ ಬರ್ರಿ, ಸಾವಕಾರ್ರ ಮುಂದ ಹೇಳ್ತೀನಿ. ಅವಾಗ ಹುಡುಗ ಬುದ್ಧಿರೀ ಸರ್. ದಡ್ಡ ಇದ್ದೆ, ನೀವು ಕಲಿಸಿದ್ದು ತಲಿಗೆ ಹತ್ತಿರ್ಲಿಲ್ರಿ. ತಿಳೀಲಾರದ ಮಾಡೇನ್ರಿ.”

ಸರ್ ನಲ್ಲಿ ಬಂದ್ ಮಾಡಿದರು. ಒಂದೊಂದು ಬೆರಳನ್ನೂ ಒರೆಸಿಕೊಂಡರು. ನಾನು ಕಾದೆ. ಅವರ ವಾಕ್ಯ ಮುಗಿಯುವವರೆಗೆ ನಾನು ಬಾಯಿ ಮುಚ್ಚಿಕೊಂಡು ನಿಂತದ್ದು ಅದೇ ಮೊದಲು.

“ದಡ್ಡ ಆಗಿದ್ದರ... ಇಪ್ಪತ್ತೆಂಟು ನಿಮಿಷ... ಎಂಟು ಸೆಕೆಂಡಿಗೆ... ಒತ್ತತಿದ್ದಿ. ನೀ ಒತ್ತಿದ್ದು... ನಲವತ್ತೆಂಟಕ್ಕ. ಇಡೀ ಊರಾಗ... ನನ್ನ ಪಾಠ ತಿಳಿದಿದ್ದು... ನಿನಗೊಬ್ಬನಿಗೇ.”